ಗುಗ್ಗುಳದ ಪಥ್ಯ, ಅತ್ತೆಮ್ಮನ ಕೋಪ

ಔಷಧಿ ಕೊಡುವ ಮನೆಗೆ ಸೊಸೆಯಾಗಿ ಹೋದವಳು ನಗುವುದಕ್ಕೆ ಅಂತ ಬೇರೆಲ್ಲೂ ಹೋಗಬೇಕಾಗಿಲ್ಲ. ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ಸಾಕು, ದಿನಕ್ಕೊಂದು ಪ್ರಸಂಗ ತಾನಾಗೇ ಜಗಲಿ ಹತ್ತಿ ಬರುತ್ತದೆ.

ಮದ್ದೂರಿನ ಪೇಟೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಆಯುರ್ವೇದದ ಪಂಡಿತರು. ಮಂಡಿ ಊತ, ಕೀಲುನೋವು, ಸೊಂಟ ಹಿಡಿದದ್ದು, ಇಂಥವಕ್ಕೆ ಅವರ ಕೈಮದ್ದು ಅಂದರೆ ಗುಗ್ಗುಳ. ಅದೊಂದು ಮರದ ಅಂಟು. ಮಂಡ್ಯದ ಗ್ರಂಧಿಗೆ ಅಂಗಡಿಯಿಂದ ರೈಲಿನಲ್ಲಿ ತರುತ್ತಿದ್ದರು. ಬಟ್ಟೆಯಲ್ಲಿ ಗಂಟು ಕಟ್ಟಿ, ಕಷಾಯದೊಳಗೆ ಇಳಿಬಿಟ್ಟು ಕುದಿಸುವಾಗ ನಡುಮನೆ, ಹಿತ್ತಿಲು, ನನ್ನ ಸೀರೆ, ಬೆಕ್ಕಿನ ಮೈ ಎಲ್ಲಾ ಅದೇ ವಾಸನೆ. ಈಗಲೂ ಮಧ್ಯಾಹ್ನ ಕಣ್ಣಿಗೆ ಜೋಂಪು ಹತ್ತಿದರೆ ಆ ವಾಸನೆ ಎಲ್ಲಿಂದಲೋ ಬರುತ್ತದೆ. ಆಗ ಯುದ್ಧ ಎಲ್ಲೋ ದೂರದಲ್ಲಿ ನಡೀತಾ ಇದೆ ಅನ್ನುತ್ತಿದ್ದರು. ನಮ್ಮ ಬೀದಿಯಲ್ಲಿ ಹೊಗೆಯೊಳಗೆ ಬಿಸಿಲು ಸುಮ್ಮನೆ ಮಲಗಿರುತ್ತಿತ್ತು.

ಊರ ಮಂಡಿಗಳೆಲ್ಲ ನಮ್ಮ ಜಗಲಿಗೆ ಬರುತ್ತಿದ್ದವು. ಆದರೆ ಮನೆಯೊಳಗೇ ಇದ್ದ ಮಂಡಿ ಮಾತ್ರ ವಾಸಿಯಾಗಿರಲಿಲ್ಲ. ಅದು ನಮ್ಮ ಅತ್ತೆಮ್ಮನ ಎಡಗಾಲಿನದು. ಹೊಸಿಲು ದಾಟಲಾರದೆ ನಡುಮನೆಯ ಕಂಬಕ್ಕೆ ಒರಗಿ ಕೂತುಬಿಟ್ಟಿದ್ದರು, ಮಗನ ಔಷಧಿಯನ್ನು ಮುಟ್ಟುತ್ತಲೂ ಇರಲಿಲ್ಲ. ಎದುರುಮನೆಯಾಕೆ, ಅವರೂ ಅತ್ತೆಮ್ಮನ ವಯಸ್ಸಿನವರೇ, ಬಂದ ರೋಗಿಗಳಿಗೆಲ್ಲ ಕೇಳುವ ಹಾಗೆ, "ಎತ್ತವ್ವನ ಮಂಡಿನೇ ನೆಟ್ಟಗೆ ಮಾಡ್ನಿಲ್ಲ, ನಿಮ್ದೇನ್ ಮಾಡನು ಬುಡಿ" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಯಜಮಾನರು ಮುದ್ದೆ ಮುರಿಯದೆ ಎಲೆ ಮುಂದಿಂದ ಎದ್ದುಬಿಡುತ್ತಿದ್ದರು.

ಕುಟ್ಟುವವರು ಯಾರು

ಕುದಿಸಿ ಶುದ್ಧಿ ಮಾಡಿದ ಗುಗ್ಗುಳಕ್ಕೆ ತುಪ್ಪ ಹಾಕಿ, ಕಬ್ಬಿಣದ ಒರಳಿನಲ್ಲಿ ಮೇಣದ ಹಾಗೆ ಮೆತ್ತಗಾಗುವ ತನಕ ಕುಟ್ಟಬೇಕು. ನಮ್ಮ ಮನೆಯ ಪದ್ಧತಿ ಏನೆಂದರೆ, ಔಷಧಿ ಯಾರಿಗೆ ಬೇಕೋ ಅವರ ಕಡೆಯವರೇ ಕುಟ್ಟಿಕೊಡಬೇಕು. ಧುಂ, ಧುಂ ಅಂತ ಒಂದೇ ಸಮ ಆ ಸದ್ದು ಕೇಳುತ್ತಾ ಜಗಲಿಯಲ್ಲಿದ್ದವರೆಲ್ಲ ತೂಕಡಿಸುತ್ತಿದ್ದರು. ಬೀದಿಯ ನಾಯಿ ಕೂಡ ನಮ್ಮ ಮೆಟ್ಟಿಲ ಬಳಿಯೇ ನಿದ್ದೆ ಮಾಡುತ್ತಿತ್ತು.

ಒಂದು ಸಲ ಮಳವಳ್ಳಿ ಕಡೆಯಿಂದ ಒಬ್ಬ ಮಾವ ಮಂಡಿನೋವು ಅಂತ ಗಾಡಿಯಲ್ಲಿ ಮಲಗಿಕೊಂಡು ಬಂದ. ಗಾಡಿ ಹೊಡೆದುಕೊಂಡು ಬಂದವನು ಅಳಿಯ, ಗಟ್ಟಿಮುಟ್ಟಾದ ಆಳು. ಅಳಿಯ ಬೆವರು ಸುರಿಸಿಕೊಂಡು ಸಾಯಂಕಾಲದ ತನಕ ಕುಟ್ಟಿದ. ಮಾವ ಆ ಸದ್ದಿಗೆ ಗೊರಕೆ ಹೊಡೆದ, ನಿದ್ದೆಯಲ್ಲೇ ನಕ್ಕ, ಗುಳಿಗೆ ತಗೊಂಡು ಹೋದ.

ಸ್ವಲ್ಪ ದಿನ ಬಿಟ್ಟು ಅದೇ ಗಾಡಿ ಮತ್ತೆ ಬಂತು. ಈಗ ಹೊಡೆದುಕೊಂಡು ಬಂದವನು ಮಾವ. ಹುಲ್ಲಿನ ಮೇಲೆ ಅಳಿಯ ಮಲಗಿದ್ದ.

"ನನ್ ಮಂಡಿ ಬೋ ಪಸಂದಾಗದೆ ಪಂಡಿತ್ರೇ. ಈಗ ಇವನ ರಟ್ಟೆ ಇಡ್ಕಬುಟ್ಟದೆ, ಕೈ ಮೇಲಕ್ಕೇ ಎತ್ತಾಕಾಯ್ತಿಲ್ಲ" ಅಂದ.

"ಅದಕ್ಕೇನಂತೆ, ಗುಗ್ಗುಳ ಕೊಟ್ಟರಾಯ್ತು. ಒರಳು ಅಲ್ಲಿ ಅದೆ ನೋಡಿ, ಕುಟ್ಟಿಕೊಡಿ" ಅಂದರು ನಮ್ಮವರು.

ಮಾವ ಒರಳಿನ ಕಡೆ ನೋಡಿದ. ಮೆಲ್ಲಗೆ ಜಗಲಿ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ ಅಂದ: "ಅಯ್ಯೋ ಸಿವನೇ! ಇದು ಇನ್ನೂ ಪೂರ್ತಿ ವಾಸಿಯಾಗಿಲ್ಲ ಅಂತ ಕಾಣ್ತದೆ ಕಣ್ರಪ್ಪಾ!"

ಇಡೀ ಗಲ್ಲಿಗೆ ಗುಣ

ನಮ್ಮ ಸ್ಟೇಷನ್ನಿನ ಹತ್ತಿರ ಜಟಕಾ ಓಡಿಸುತ್ತಿದ್ದ ಸಾಹೇಬರೊಬ್ಬರಿದ್ದರು. ಕಾಲು ಮಡಿಸಿ ಕೂತು ಕೂತು ಅವರ ಮಂಡಿ ಸೆಟೆದುಕೊಂಡಿತ್ತು. ಯಜಮಾನರು ಗುಗ್ಗುಳದ ಒಂದು ಗಡ್ಡೆ ಕೊಟ್ಟು, ಬೆಂಕಿಗೆ ತೋರಿಸಿ ಬೆಚ್ಚಗೆ ಮಾಡಿ ಮಂಡಿಗೆ ಪಟ್ಟು ಹಾಕಿಕೊಳ್ಳಿ ಅಂದಿದ್ದರು.

ಸಾಹೇಬರಿಗೆ ರೈಲು ಬರುವ ಅವಸರ. ಗಡ್ಡೆಯನ್ನು ಮನೆಯಾಕೆಯ ಕೈಗೆ ಕೊಟ್ಟು, "ಮಂಡಿಗೆ ಪಂಡಿತ್ರು ಕೊಟ್ಟವ್ರೆ, ಬೆಂಕಿಗೆ ತೋರಿಸಿಡು" ಅಂತ ಹೇಳಿ ಹೊರಟುಬಿಟ್ಟರು. ಆ ತಾಯಿ ಪಾಪ ಏನು ಮಾಡಬೇಕು? ಮರದ ಅಂಟು, ಮೂಸಿದರೆ ಪರಿಮಳ. ಅವರ ಮನೆಯಲ್ಲಿ ದಿನಾ ಸಂಜೆ ಲೋಬಾನದ ಧೂಪ ಹಾಕುವ ಕೆಂಡದ ಬಟ್ಟಲು ಇತ್ತು. ಇದನ್ನೂ ಅದಕ್ಕೇ ಹಾಕಿದರು.

ಹೊಗೆ ಎದ್ದದ್ದು ಗಲ್ಲಿಯೆಲ್ಲಾ ತುಂಬಿತಂತೆ. ಅಕ್ಕಪಕ್ಕದ ಮುದುಕಿಯರು ಏನಮ್ಮಾ ಈ ಘಮ ಅಂತ ಬಂದರಂತೆ. ಮಂಡಿ ಮದ್ದು ಅಂತ ಗೊತ್ತಾದ ಕೂಡಲೇ ಬಟ್ಟಲಿನ ಸುತ್ತ ಕಾಲು ಚಾಚಿ, ಕಣ್ಣು ಮುಚ್ಚಿ ಕೂತರಂತೆ. ಒಬ್ಬರಿಗೆ ತೌರುಮನೆ ಕಂಡಿತಂತೆ.

ಮಾರನೇ ದಿನ ಸಾಹೇಬರು ಕುಂಟುತ್ತಾ ಬಂದರು. "ಪಂಡಿತ್ರೇ, ನಿಮ್ಮ ದವಾ ಜಬರ್ದಸ್ತಾಗಿದೆ! ಗಲ್ಲಿಯ ಎಲ್ಲಾ ಮುದುಕೀರಿಗೂ ಗುಣ ಆಗಿ, ಇನ್ನೊಂದು ಗಡ್ಡೆ ತಾ ಅಂತ ಪ್ರಾಣ ತಿಂತಾವ್ರೆ. ನನ್ ಮಂಡಿ ಒಂದೇ ಹಂಗೇ ಇರೋದು. ಆವಾಗ ನಾನು ಸ್ಟೇಷನ್ನಲ್ಲಿದ್ದೆ ನೋಡಿ!"

ಯಲಿಯೂರಿನ ದಂಪತಿ

ಗುಗ್ಗುಳ ತಿನ್ನುವವರಿಗೆ ಪಥ್ಯ ಬಿಗಿ. ಹುಳಿ ಮುಟ್ಟಬಾರದು, ಬಿಸಿಲಿನಲ್ಲಿ ಅಲೆಯಬಾರದು, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಮುಗಿಯುವ ತನಕ ಕೋಪ ಮಾಡಿಕೊಳ್ಳಬಾರದು. ಕೋಪ ಬಂದರೆ ಮದ್ದು ಮೈಗೆ ಹತ್ತುವುದಿಲ್ಲ ಅಂತ ಯಜಮಾನರ ನಂಬಿಕೆ. ಈ ಸೀಮೆಯಲ್ಲಿ ಇದನ್ನು ಹೇಳಿಕೊಂಡು ಬದುಕಿದರಲ್ಲ, ಅವರ ಧೈರ್ಯವೇ ಧೈರ್ಯ! ನಮ್ಮ ಕಡೆ ಪ್ರೀತಿಯಿಂದ ಊಟಕ್ಕೆ ಕರೆದರೂ ಜಗಳಕ್ಕೆ ಕರೆದ ಹಾಗಿರುತ್ತದೆ.

ಯಲಿಯೂರಿನ ಗೌಡರೊಬ್ಬರು ಹೆಂಡತಿ ಜೊತೆ ಬಂದರು. ಪಥ್ಯ ಕೇಳುತ್ತಾ ಕೇಳುತ್ತಾ ಅವರ ಮುಖ ಕೆಂಪಗಾಯಿತು.

"ಉಣಸೇಹಣ್ಣೂ ಬ್ಯಾಡ್ವಾ?"

"ಬೇಡ."

"ಮಜ್ಗೆ?"

"ಅದೂ ಬೇಡ. ಬಿಸಿಲಿಗೆ ಹೋಗಬೇಡಿ. ಕೋಪ ಅಂತೂ ಬೇಡವೇ ಬೇಡ."

"ಏನ್ರೀ ನೀವು ಏಳದು? ಗದ್ದೆಗೆ ನಿಮ್ಮಪ್ಪ ಓಯ್ತಾನಾ? ಉಳಿ ಇಲ್ದೆ ಸಾರು, ಕೋಪ ಇಲ್ದೆ ಗಂಡ್ಸು, ಇದೂ ಒಂದ್ ಬಾಳಾ?" ಅಂತ ಗೌಡರು ಎದ್ದೇ ನಿಂತರು.

ಹಿಂದೆ ನಿಂತಿದ್ದ ಹೆಂಡತಿ ಸೆರಗು ಹೊದ್ದುಕೊಂಡು ಮುಂದೆ ಬಂದರು. "ಮಂಡಿ ಎಂಗಾರಾ ಆಗ್ಲಿ ಪಂಡಿತ್ರೇ, ಕಾಲಿಗೆ ನಾನೇ ಎಣ್ಣೆ ತಿಕ್ಕತೀನಿ. ಕೋಪ ಬುಡೋ ಗುಳಿಗೆ ಅಂದ್ರಲ್ಲ, ಅದ ಮಾತ್ರ ಒಂದ್ ವರ್ಸಕ್ಕಾಗೋವಷ್ಟು ಕೊಟ್ಬುಡಿ!"

ಅತ್ತೆಮ್ಮನ ಮಂಡಲ

ಅತ್ತೆಮ್ಮ ಮಗನ ಮದ್ದು ಮುಟ್ಟದಿದ್ದದ್ದಕ್ಕೂ ಇದೇ ಕಾರಣ. "ಉಳಿ ಬುಡ್ತೀನಿ. ಬಿಸ್ಲಿಗೋಗಾಕೆ ಕಾಲೇ ಇಲ್ಲ. ಕೋಪ ಬುಟ್ಟು ಎಂಗ್ಲಾ ಬದ್ಕದು? ಈ ಮನೆ ನಡೀತಿರದೇ ನನ್ ಬಾಯಿಂದ" ಅನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ಒಂದು ದಿನ ಎದುರುಮನೆಯಾಕೆಯ ಮಾತು ಕೇಳಿ, ಜಗಲಿಗೆ ಬಂದಿದ್ದ ರೋಗಿ ಸದ್ದಿಲ್ಲದೆ ಎದ್ದು ಹೋದ. ಯಜಮಾನರು ಉಣ್ಣಲಿಲ್ಲ, ಒಲೆಯ ಮುಂದೆ ಮುಖ ತಿರುಗಿಸಿಕೊಂಡು ಕೂತರು. ಅತ್ತೆಮ್ಮ ಮಗನ ಬೆನ್ನನ್ನೇ ನೋಡಿ, ನನ್ನ ಕಡೆ ಅಂಗೈ ಚಾಚಿದರು.

"ತತ್ತಾ ಇಲ್ಲಿ ಆ ಗುಳಿಗೆಯ. ನನ್ ಮಗನ ಕೈಮದ್ದ ಅವಳ್ಯಾಕಮ್ಮ ಆಡ್ಕಳದು?"

ಆವತ್ತಿಂದ ಕೋಪ ಬಂದ್. ಆ ದಿನಗಳನ್ನು ನೆನೆದರೆ ಈಗಲೂ ನಿಜವೋ ಕನಸೋ ಅನ್ನಿಸುತ್ತದೆ. ಮನೆ ನಿಶ್ಶಬ್ದ. ಒರಳಿನ ಸದ್ದು ಒಂದೇ ನೀರಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ಹಾಲಿನವನು ಹಾಲಿಗೆ ನೀರು ಬೆರೆಸಿದ. ಅತ್ತೆಮ್ಮ ಕಣ್ಣು ಮುಚ್ಚಿ, "ಇರ್ಲಿ" ಅಂದರು. ಅಗಸ ಒಳ್ಳೆ ಸೀರೆ ಹರಿದು ತಂದ, "ಇರ್ಲಿ ಕಣಪ್ಪ." ನಾನು ಸಾರು ಹೊತ್ತಿಸಿದೆ, "ಇರ್ಲಿ ಕಣಮ್ಮ" ಅಂದು ಮುಗುಳ್ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನಗು ನೋಡಿ ಸಾರಿನ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಓಡಿದೆ. ಎದುರುಮನೆಯಾಕೆಯ ಮೇಕೆ ನಮ್ಮ ಹಿತ್ತಿಲ ಅವರೆಬಳ್ಳಿಯನ್ನೆಲ್ಲ ತಿಂದಾಗ ಅತ್ತೆಮ್ಮ ಸೆರಗು ಬಾಯಿಗೆ ತುರುಕಿಕೊಂಡರು, ಆಮೇಲೆ ತೆಗೆದು ಇರ್ಲಿ ಅಂದರು.

ಮಂಡಲ ಮುಗಿದ ಬೆಳಗ್ಗೆ ಅತ್ತೆಮ್ಮ ತಲೆಗೆ ನೀರು ಹಾಕಿಕೊಂಡು, ತುರುಬು ಬಿಗಿದು ಕೂತರು.

"ಪತ್ಯ ಮುಗೀತೇನ್ಲಾ?"

"ಮುಗೀತು ಕಣವ್ವ. ಕಾಲು ಎಂಗದೆ?" ಅಂದರು ಯಜಮಾನರು.

ಅತ್ತೆಮ್ಮ ಕಂಬ ಹಿಡಿಯದೆ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸಿಲು ದಾಟಿ, ಮೆಟ್ಟಿಲಿಳಿದು, ನೇರ ಎದುರುಮನೆ ಬಾಗಿಲಿಗೆ ಹೋಗಿ ನಿಂತರು. "ಬಾರಮ್ಮಿ ಈಚೆಗೆ! ನನ್ ಮಗನ ಮದ್ದ ಆಡ್ಕತೀಯಾ? ಮೇಕೆ ಬುಡ್ತೀಯಾ?" ಅಂತ ಶುರುವಾಯಿತು ನೋಡಿ! ಅಲ್ಲಿಂದ ಹಾಲಿನವನ ಮನೆ. ಅಲ್ಲಿಂದ ಅಗಸರ ಬೀದಿ. ಊರೇ ಬಾಗಿಲಿಗೆ ಬಂದು ನಿಂತಿತು.

"ಅವ್ವ, ಸಾಕು ಬಾರವ್ವ" ಅಂತ ಯಜಮಾನರು ಹಿಂದೆ ಓಡಿದರು, ಅವರ ಹಿಂದೆ ನಾನು. ಓಡುತ್ತಿದ್ದವರು ನಡುಬೀದಿಯಲ್ಲಿ ನಿಂತುಬಿಟ್ಟರು. ಅವರ ಕಣ್ಣು ಅವ್ವನ ಕಾಲ ಮೇಲಿತ್ತು.

"ನೋಡೇ, ಎಡಗಾಲು ಬಾಗ್ತಾ ಅದೆ ಕಣೇ! ಕುಂಟೇ ಇಲ್ಲ!" ಅಂತ ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಕಣ್ಣೊರೆಸಿಕೊಂಡೆ. ಅತ್ತೆಮ್ಮ ಬೈದು ಮುಗಿಸಿ ವಾಪಸು ತಿರುಗಿದ್ದೇ ತಡ, ನಮ್ಮವರು ಕೂಗಿದರು: "ಅವ್ವಾ, ಆ ಮೂಲೆ ಮನೇಯವ್ರೂ ಓದ್ ತಿಂಗ್ಳು ಏನೋ ಅಂದಿದ್ರು ಕಣವ್ವ, ಒಸಿ ಅಲ್ಲಿಗೂ ಓಗ್ಬುಟ್ ಬಾ!"

ನನ್ನ ಸರದಿ ಬರುವ ಹೊತ್ತಿಗೆ ಪುಣ್ಯಕ್ಕೆ ಅವರ ಗಂಟಲು ಒಣಗಿತ್ತು. "ಒಸಿ ಉಳಿಮಜ್ಗೆ ಕೊಡಮ್ಮ" ಅಂದರು, ಕುಡಿದರು, ಕಂಬಕ್ಕೆ ಒರಗಿ ಹಾಯಾಗಿ ನಿದ್ದೆ ಹೋದರು.

ಸಾಯಂಕಾಲ ಎದುರುಮನೆಯಾಕೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಜಗಲಿ ಹತ್ತಿದರು. "ನಿಮ್ಮವ್ವನ್ ಕಾಲ ಕಣ್ಣಾರೆ ಕಂಡೆ ಕಣಪ್ಪ. ತೆಪ್ಪಾಯ್ತು. ಅದೇ ಗುಳಿಗೆಯ ನಂಗೂ ಕೊಡು" ಅಂದರು. ಯಜಮಾನರ ಮುಖ ಅರಳಿತು. ಗುಳಿಗೆ ಅವರ ಬಾಯಿಗೆ ಹಾಕಿ ನೀರು ಕುಡಿಸಿ, "ಹುಳಿ ಮುಟ್ಟಬೇಡಿ, ಬಿಸಿಲಿಗೆ ಹೋಗಬೇಡಿ" ಅಂತ ಶುರುಮಾಡಿದರು.

ಒಳಗಿನಿಂದ ಅತ್ತೆಮ್ಮ ದಡದಡ ಬಂದರು. ಎದುರುಮನೆಯಾಕೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ಕೋಪನೂ ಮಾಡ್ಕಬಾರ್ದು ಅಂತ ಏಳ್ಲಾ! ಒಂದ್ ಮಂಡ್ಲ ಇವ್ಳು ತಿರುಗಿ ಮಾತಾಡಂಗಿಲ್ಲ. ಕೇಳಮ್ಮಿ ಈಗ, ಬೆಳಗ್ಗೆ ಅರ್ಧ ಮಾತ್ರ ಏಳಿದ್ದೆ!"