ಹಗೇವಿನ ಚೀಸು

ಹಗೇವಿನ ಬಾಯಿ ತೆರೆದ ಮೇಲೆ ಎರಡು ಗಂಟೆ ಯಾರೂ ಒಳಗಿಳಿಯಬಾರದು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಬೇಕು, ಆಮೇಲೆ ದೀಪ ಇಳಿಬಿಟ್ಟು ನೋಡಬೇಕು, ಅದು ಆರದಿದ್ದರೆ ಮನುಷ್ಯ ಇಳಿಯಬಹುದು. ಜಾವಗಲ್ಲಿನ ಸುನಿಲನಿಗೆ ಇದು ತಾತನ ಕಾಲದಿಂದ ಗೊತ್ತಿದ್ದ ವಿಷಯ. ಹೊರಗೆ ಬಂದ ಗಾಳಿ ಆ ಎರಡು ಗಂಟೆ ಬೀದಿಯಲ್ಲಿ ಏನು ಮಾಡುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮನೆ ಮುಂದಿನ ಆ ನೆಲದಡಿಯ ಗುಂಡಿಯಲ್ಲಿ ಹಿಂದೆ ರಾಗಿ ತುಂಬಿಡುತ್ತಿದ್ದರು. ರಾಗಿ ಚೀಲಕ್ಕೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಡೈರಿಯಲ್ಲಿ ಹಾಲು ಅಳೆಯುವ ಸುನಿಲ್ ಮೂರು ದಿನದ ತರಬೇತಿಗೆ ಹೋಗಿ ಚೀಸ್ ಮಾಡುವುದನ್ನು ಕಲಿತು ಬಂದಿದ್ದ. ಯಾವುದೋ ದೇಶದವರು ಗುಹೆಯೊಳಗೆ ಚೀಸ್ ಮಾಗಿಸುವುದನ್ನು ಫೋನಿನಲ್ಲಿ ನೋಡಿದವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ತಂಪು, ಕತ್ತಲು, ಇಲಿ ಕಾಟವಿಲ್ಲ; ಹಗೇವು ಗುಹೆಗಿಂತ ಯಾವುದರಲ್ಲಿ ಕಮ್ಮಿ? ಎಂಟು ತಿಂಗಳ ಹಿಂದೆ, ರೊಟ್ಟಿಯಷ್ಟು ಅಗಲ, ನಾಲ್ಕು ಬೆರಳು ದಪ್ಪದ ಚೀಸ್ ಬಿಲ್ಲೆಯೊಂದನ್ನು ಒಳಗಿಳಿಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದ. ತೆಗೆದದ್ದು ಇವತ್ತೇ.

ಬೇಲೂರಿನ ಹೊಸ ಹೋಟೆಲೊಂದರ ಮುಖ್ಯ ಅಡುಗೆಯವರು ವಿಜಯಸಾರಥಿ. ಹೊರದೇಶಗಳಲ್ಲಿ ಇನ್ನೂರು ಬಗೆ ಚೀಸ್ ತಿಂದು ಬಂದವರು. ಮಧ್ಯಾಹ್ನ ಎರಡಕ್ಕೆ ತನ್ನಿ, ರುಚಿ ನೋಡಿ ಹೇಳುತ್ತೇನೆ ಎಂದಿದ್ದರು. ಅವರು ಒಪ್ಪಿದರೆ ಹೋಟೆಲಿಗೆ ವಾರವಾರವೂ ಚೀಸ್ ಕೊಡುವ ಕಾಯಂ ವರ್ತನೆ. ಆದರೆ ಸುನಿಲನಿಗೆ ವರ್ತನೆಗಿಂತ ದೊಡ್ಡ ಆಸೆಯೊಂದಿತ್ತು. ಯಾರಾದರೊಬ್ಬರು ತನ್ನ ಚೀಸ್ ಬಾಯಿಗಿಟ್ಟು ಚೆನ್ನಾಗಿದೆ ಅನ್ನಬೇಕು. ಹೆತ್ತ ತಾಯಿ ಸಾವಿತ್ರಮ್ಮನೇ ಅದನ್ನು ‘ಹಾಲಿನ ಹೆಣ’ ಎಂದು ಕರೆಯುತ್ತಿದ್ದಳು.

ಚಪ್ಪಡಿ ಸರಿಸಿ ಹತ್ತು ನಿಮಿಷವಾಗಿರಲಿಲ್ಲ, ಎದುರುಮನೆಯ ಹೊನ್ನಯ್ಯ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಬಂದ.

“ಏನ್ಲಾ ಸುನಿಲ, ಒಳಗೆ ಹೆಗ್ಗಣ ಸತ್ತೈತಾ?”

“ಇಲ್ಲ ಮಾವ, ಚೀಸು. ಮಾಗೈತೆ.”

“ಮಾಗೋದು ಮಾವಿನಹಣ್ಣು ಕಣಪ್ಪ. ಗಾಳಿ ನೆಟ್ಟಗೆ ನಮ್ಮನೆ ಕಡೆಗೇ ಬೀಸ್ತಾ ಐತೆ. ಬಾಯಿ ಮುಚ್ಚು ಅದ್ರದು.”

“ಗಾಳಿ ಆಡ್ದಲೆ ಒಳಕ್ಕೆ ಇಳಿಯಂಗಿಲ್ಲ ಮಾವ.”

“ಹಂಗಾದ್ರೆ ಗಾಳೀನ ಆ ಕಡೆ ತಿರುಗಿಸು.”

ಹೊನ್ನಯ್ಯನ ಹಿಂದೆಯೇ ಅವನ ಮೂವರು ಗೆಳೆಯರು ಬಂದರು. ಒಬ್ಬ ಬೇವಿನ ಸೊಪ್ಪಿನ ಹೊಗೆ ಹಾಕು ಅಂದ. ಇನ್ನೊಬ್ಬ ಯಾರನ್ನೂ ಕೇಳದೆ ಹಗೇವಿನ ಸುತ್ತ ಒಂದು ಕಟ್ಟು ಅಗರಬತ್ತಿ ಹಚ್ಚಿ ನೆಟ್ಟ. ಬೀದಿಯ ತುದಿಯಿಂದ ಸಣ್ಣತಾಯಮ್ಮ ಬಂದಳು. ಅಗರಬತ್ತಿ ನೋಡಿದಳು, ತಲೆತಗ್ಗಿಸಿ ನಿಂತ ಗಂಡಸರನ್ನು ನೋಡಿದಳು, ಸೀದಾ ಹೋಗಿ ಸಾವಿತ್ರಮ್ಮನ ಕೈ ಹಿಡಿದುಕೊಂಡಳು.

“ಯಾವಾಗ ಹೋದ್ರವ್ವಾ?”

ಸಾವಿತ್ರಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೆಲ ಆಗಲೇ ಬಾಯಿಬಿಟ್ಟಿತ್ತು, ತೊಂದರೆಯೆಲ್ಲ ಅದರಿಂದಲೇ ಬಂದದ್ದು.

ಎರಡು ಗಂಟೆ ಕಳೆದು, ದೀಪ ಆರದೆ ಉರಿದು, ಸುನಿಲ್ ಒಳಗಿಳಿದು ಬಿಲ್ಲೆಯನ್ನು ಎದೆಗವಚಿಕೊಂಡು ಮೇಲೆ ಬಂದ. ಬಿಲ್ಲೆಯ ಮೈತುಂಬ ಬೂದುಬಣ್ಣದ ಬೂಷ್ಟು. ಜನ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅವನಿಗೋ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿ ಮಾಗಿತ್ತು. ಸ್ಟೀಲ್ ಡಬ್ಬಿಯಲ್ಲಿಟ್ಟು ಸ್ನಾನಕ್ಕೆ ಓಡಿದ.

ಬಂದು ನೋಡಿದರೆ ತಾಯಿ ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಸಿದ್ಧಮಾಡಿದ್ದಳು. “ಉಸಾರು ಕಣಪ್ಪ, ಅಲ್ಲಾಡಿಸ್ಬ್ಯಾಡ,” ಎಂದಳು. ಎಂಟು ತಿಂಗಳಲ್ಲಿ ಅವಳು ಚೀಸಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸು ತುಂಬಿತ್ತು. ಕಂಡಕ್ಟರ್ ಇಳಿಸಿಬಿಟ್ಟರೆ ಏನು ಗತಿ ಎಂದು ಸುನಿಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟು ಹೆದರಿ ಕೂತ. ಆದರೆ ಯಾರೂ ಮೂಗು ಮುಚ್ಚಲಿಲ್ಲ. ಪಕ್ಕದ ಹೆಂಗಸು ಮಾತ್ರ ಗಾಳಿ ಮೂಸಿ, “ಎಲ್ಲೋ ಏಲಕ್ಕಿ ಘಮ್ ಅಂತೈತೆ,” ಅಂದಳು. ಡಬ್ಬಿಯ ಮುಚ್ಚಳ ಎಷ್ಟು ಭದ್ರವಾಗಿದೆ ಎಂದು ಸುನಿಲ್ ಹಿಗ್ಗಿದ.

ಹೋಟೆಲಿನಲ್ಲಿ ವಿಜಯಸಾರಥಿ ಚಾಕು, ತಟ್ಟೆ, ಬಾಯಿ ತೊಳೆಯಲು ನೀರು ಎಲ್ಲ ಇಟ್ಟುಕೊಂಡು ಕಾದಿದ್ದರು. ಮುಚ್ಚಳ ತೆಗೆದರು. ಒಳಗೆ, ಬರ್ಫಿಯಂತೆ ಕತ್ತರಿಸಿ ಜೋಡಿಸಿದ, ಬೆಲ್ಲದ ಬಣ್ಣದ, ಮಿದುವಾದ ಗಿಣ್ಣು.

ಸುನಿಲನಿಗೆ ಎಲ್ಲ ಅರ್ಥವಾಯಿತು. ಮೂರು ದಿನದ ಹಿಂದೆ ಸಣ್ಣತಾಯಮ್ಮನ ಹಸು ಈದಿತ್ತು. ಗಿಣ್ಣುಹಾಲು ಮನೆಗೆ ಬಂದಿತ್ತು. ಬೂಷ್ಟು ಹಿಡಿದದ್ದನ್ನು ದೊಡ್ಡ ಮನುಷ್ಯರಿಗೆ ಹೇಗೆ ಕಳಿಸುವುದು ಎಂದು ತಾಯಿ ಮನೆಯ ಮಾನ ಕಾಪಾಡಿದ್ದಳು.

ಅವನು ಬಾಯಿ ತೆರೆಯುವುದರೊಳಗೆ ವಿಜಯಸಾರಥಿ ಒಂದು ತುಂಡು ಬಾಯಿಗಿಟ್ಟಾಗಿತ್ತು. ಕಣ್ಣು ಮುಚ್ಚಿದರು. ಎರಡನೆಯದು ತಿಂದರು.

“ಎಷ್ಟೋ ಚೀಸ್ ತಿಂದಿದ್ದೀನಿ ರೀ, ಇಂಥದ್ದು ಇಲ್ಲ. ವಾರಕ್ಕೆ ಹತ್ತು ಕೆಜಿ ಕೊಡ್ತೀರಾ?”

ಹೂಂ ಅಂದರೆ ವಾರಕ್ಕೆ ಎಷ್ಟು ಹಸು ಈಯಬೇಕು ಎಂದು ಸುನಿಲ್ ಲೆಕ್ಕ ಹಾಕಿದ. ಜಾವಗಲ್ಲಿನ ಹಸುಗಳನ್ನೆಲ್ಲ ಒಪ್ಪಿಸಿದರೂ ಆಗದ ಕೆಲಸ.

“ಸಾರ್, ಇದು ಚೀಸಲ್ಲ, ಗಿಣ್ಣು. ಹಸು ಈದಾಗ ಮೂರ್ನಾಲ್ಕು ದಿವಸ ಮಾತ್ರ ಸಿಗೋದು.”

ಮೂರನೆಯ ತುಂಡು ಹಿಡಿದ ಕೈ ಗಾಳಿಯಲ್ಲೇ ನಿಂತಿತು. “ನಮ್ಮನೇಲಿ ಹಸು ಈದ ಹತ್ತು ದಿನ ಮೈಲಿಗೆ ಅಂತ ಆ ಹಾಲು ಹೊಸಲು ದಾಟಿ ಒಳಗೆ ಬರ್ತಿರ್ಲಿಲ್ಲ ರೀ.” ಸ್ವಲ್ಪ ಯೋಚಿಸಿ ಅದನ್ನೂ ಬಾಯಿಗೆ ಹಾಕಿಕೊಂಡರು. “ಅಜ್ಜಿಗೆ ಗೊತ್ತಾಗ್ಬಾರ್ದು ಅಷ್ಟೆ. ಅವರು ಹೋಗಿ ಇಪ್ಪತ್ತು ವರ್ಷ ಆಯ್ತು, ಆದ್ರೂ ಗೊತ್ತಾಗ್ಬಾರ್ದು. ಅದಿರ್ಲಿ, ನಿಮ್ಮ ನಿಜವಾದ ಚೀಸ್ ಎಲ್ಲಿ?”

“ಮನೇಲೈತೆ ಸಾರ್.”

“ನಾಳೆ ಹತ್ತಕ್ಕೆ ತನ್ನಿ. ಮಾಲೀಕರೂ ಇರ್ತಾರೆ, ನಾಳೇನೇ ತೀರ್ಮಾನ ಮಾಡಿಬಿಡೋಣ.”

ಸುನಿಲ್ ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಊರಲ್ಲಿಳಿದವನು ಓಡಿಕೊಂಡೇ ಮನೆಗೆ ಬಂದ.

“ಅವ್ವಾ, ಬಿಲ್ಲೆ ಎಲ್ಲಿ?”

“ಅದಿನ್ನೂ ಮನೇಲಿಟ್ಕಂಬೇಕಿತ್ತಾ? ತೆಂಗಿನ ಬುಡಕ್ಕೆ ಹೂತುಬಿಡಣ್ಣ ಅಂತ ಹೊನ್ನಯ್ಯಂಗೆ ಕೊಟ್ಟೆ.”

ಹೂತದ್ದನ್ನು ತೆಗೆಯಬಹುದು, ಮೇಲಿನ ಬೂಷ್ಟನ್ನು ಒರೆಸಬಹುದು. ಸುನಿಲ್ ಗುದ್ದಲಿ ಹಿಡಿದು ಬೀದಿ ದಾಟಿದ. ಎದುರುಮನೆಯ ಜಗಲಿಯ ಮೇಲೆ ಹೊನ್ನಯ್ಯ ಮತ್ತು ಬೆಳಗಿನ ಆ ಮೂವರು ಸುತ್ತ ಕೂತಿದ್ದರು. ನಡುವೆ ಒಂದು ಮಚ್ಚು, ಒಂದಿಷ್ಟು ಹಸಿಮೆಣಸಿನಕಾಯಿ, ಮುತ್ತುಗದ ಎಲೆಯ ಮೇಲೆ ಬೆರಳಗಲದ ಬೂದು ಸಿಪ್ಪೆ.

“ಹೂತಿಲ್ವಾ ಮಾವ?”

ಹೊನ್ನಯ್ಯ ಮೀಸೆ ಒರೆಸಿಕೊಂಡ. “ಹೂಳಾನ ಅಂತ್ಲೇ ಹೋದೆ ಕಣಪ್ಪ. ಒಳಗೇನೈತೆ ನೋಡಾನ ಅಂತ ಮಚ್ಚಲ್ಲಿ ಒಂದೇಟು ಹಾಕಿದ್ರೆ, ಅರಿಶಿಣ ಕಲಸಿದ ಬೆಣ್ಣೆ ಇದ್ದಂಗಿತ್ತು. ನಾಲಿಗೆ ಮೇಲಿಟ್ಟು ನೋಡ್ದೆ. ಆಮೇಲೆ ಇವರ್ನೂ ಕರೆದೆ.”

“ಒಂಚೂರೂ ಉಳಿದಿಲ್ವಾ?”

“ಉಳಿಯಂಗಿತ್ತೇನ್ಲಾ ಅದು?” ಅಂದ ಇನ್ನೊಬ್ಬ, ಸಿಪ್ಪೆಯನ್ನು ಕೆರೆಯುತ್ತ.

ನಾಳೆ ಹತ್ತು ಗಂಟೆ, ಹೋಟೆಲಿನ ವರ್ತನೆ ಎಲ್ಲ ಸುನಿಲನ ಕಣ್ಣೆದುರೇ ಕರಗಿಹೋದವು. ಗುದ್ದಲಿ ಒರಗಿಸಿ ಜಗಲಿಯ ಅಂಚಿಗೆ ಕೂತ. ಅಳಬೇಕೆಂದಿದ್ದ. ಆದರೆ ಬಾಯಿಂದ ಬಂದದ್ದು ಬೇರೆ ಮಾತು.

“ಉಪ್ಪು ಸರಿಯಾಗಿತ್ತಾ ಮಾವ?”

“ಹದವಾಗಿತ್ತು ಕಣ್ಲಾ. ಚೆನ್ನಾಗಿತ್ತು.” ಹೊನ್ನಯ್ಯ ಹತ್ತಿರ ಸರಿದು ಕೂತ. “ಇನ್ನೊಂದು ಯಾವಾಗ?”

“ಎಂಟು ತಿಂಗಳಾಯ್ತದೆ.”

“ಆಗ್ಲಿ ಬಿಡು, ಕಾಯ್ತೀವಿ. ಆದ್ರೆ ಒಂದ್ ಮಾತು. ಹಗೇವು ತೆಗೆಯೋ ದಿವ್ಸ ಮೊದ್ಲು ನನ್ನ ಕೇಳು. ಗಾಳಿ ನಮ್ಮನೆ ಕಡೆಗೆ ಬೀಸ್ತಾ ಇದ್ರೆ ಮಾತ್ರ ತೆಗೀಬೇಕು.”