ಮೇಷ್ಟ್ರ ಮುಹೂರ್ತ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಕಟ್ಟು ಸೆಲರಿ ಸೊಪ್ಪು. ತೈನಾನ್ ಪೇಟೆಯಲ್ಲಿ ಮೀನುಂಡೆ ಸಾರು ಮಾರುವ ಆ-ಗ್ವಾನ್ ದಿನವೂ ಅಂಥ ಹತ್ತಾರು ಕಟ್ಟುಗಳನ್ನು ಸಣ್ಣಗೆ ಹೆಚ್ಚಿ ಸಾರಿನ ಮೇಲೆ ಉದುರಿಸುವವನು. ಆ ಸೊಪ್ಪಿನ ಬಗ್ಗೆ ಅವನಿಗೆ ಯಾವ ಭಯಭಕ್ತಿಯೂ ಇರಲಿಲ್ಲ. ಆದರೆ ಆ ದಿನ ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನ ತಾಯಿ ಅವನನ್ನು ಪಕ್ಕಕ್ಕೆ ಎಳೆದು, ಎದುರುಮನೆ ಶಾವ್ ಮೇಷ್ಟ್ರ ತಾಯಿ ಚೀಲದಲ್ಲಿ ಸೆಲರಿ ಇಟ್ಟುಕೊಂಡು ಬಂದಿದ್ದಾಳೆ ಎಂದು ಪಿಸುಗುಟ್ಟಿದಾಗ ಅವನ ಎದೆ ಧಸಕ್ಕೆಂದಿತು. ಪರೀಕ್ಷೆಯ ಕಾಲ ಬಂತೆಂದರೆ ಊರಿನ ತಾಯಂದಿರೆಲ್ಲ ವಿದ್ಯೆಯ ದೇವರು ವೆನ್‌ಚಾಂಗನ ಗುಡಿಗೆ ಹೊತ್ತುಕೊಂಡು ಹೋಗುವುದು ಸೆಲರಿಯನ್ನೇ; ಅವರ ಭಾಷೆಯಲ್ಲಿ ಅದರ ಹೆಸರೂ ಶ್ರಮ ಎಂಬ ಮಾತೂ ಒಂದೇ ಥರ ಕೇಳಿಸುತ್ತವೆ.

"ಹೆರಿಗೆಗೆ ಬರೋರು ಬಟ್ಟೆ ತರ್ತಾರೆ, ಫ್ಲಾಸ್ಕು ತರ್ತಾರೆ. ಸೆಲರಿ ಯಾಕೆ ತಂದ್ಲು ಹೇಳು," ಎಂದಳು ತಾಯಿ.

ಆ-ಗ್ವಾನನಿಗೆ ಹೇಳಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಅವನ ಹೆಂಡತಿ ಹುಯಿಚಿಂಗ್‌ಗೂ ಮೇಷ್ಟ್ರ ಹೆಂಡತಿ ಯೂಮಿನ್‌ಗೂ ಒಂದೇ ಆಸ್ಪತ್ರೆಯಲ್ಲಿ ಒಂದೇ ದಿನ ಸಿಸೇರಿಯನ್ ನಿಗದಿಯಾಗಿತ್ತು. ದಿನ, ಗಳಿಗೆ ಎರಡನ್ನೂ ತೆಗೆದುಕೊಟ್ಟವರು ವೆಂಗ್ ಜೋಯಿಸರು. ಹೊಟ್ಟೆ ಕೊಯ್ದೇ ಮಗುವನ್ನು ತೆಗೆಯುವುದಾದರೆ ಒಳ್ಳೆಯ ಗಳಿಗೆ ನೋಡಿಯೇ ತೆಗೆಯಲಿ ಎನ್ನುವುದು ಆ ಊರಿನ ರೂಢಿ; ಡಾಕ್ಟರೂ ಅದಕ್ಕೆ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ದಿನವನ್ನು ಪ್ರಾಣಿಗಳ ಹೆಸರಿನ ಹನ್ನೆರಡು ಗಳಿಗೆಗಳಾಗಿ ಹಂಚುವ ಲೆಕ್ಕದಲ್ಲಿ ಜೋಯಿಸರು ಆ-ಗ್ವಾನನಿಗೆ ಕೊಟ್ಟದ್ದು ಮಧ್ಯಾಹ್ನದ ಮೇಲಿನ ಕೋತಿ ಗಳಿಗೆ. ಆ ಹೊತ್ತಿಗೆ ಹುಟ್ಟಿದ ಮಗುವಿನ ಜಾತಕದಲ್ಲಿ ವೆನ್‌ಚಾಂಗ್ ನಕ್ಷತ್ರ ಬಂದು ಕೂರುತ್ತದೆ, ಪುಸ್ತಕ ಹಿಡಿದರೆ ಕೆಳಗಿಡುವುದಿಲ್ಲ ಎಂದು ಬಾಯಿ ತುಂಬ ಹೇಳಿದ್ದರು. ಅಂದಿನಿಂದ ಆ-ಗ್ವಾನ್ ನೆಲದ ಮೇಲೆ ನಡೆದಿರಲಿಲ್ಲ.

ಅವನಿಗೆ ಅಷ್ಟೊಂದು ಆಸೆ ಯಾಕೆಂದರೆ, ಮೇಷ್ಟ್ರ ಬಳಿ ಒಂದು ಕೆಂಪು ಪೆನ್ನಿತ್ತು. ಶಾವ್ ಮೇಷ್ಟ್ರು ದಿನ ಬಿಟ್ಟು ದಿನ ಅಂಗಡಿಗೆ ಬಂದು, ಸಾರಿಗೆ ಕಾಯುತ್ತಿರುವಷ್ಟು ಹೊತ್ತು ಸುಮ್ಮನೆ ನಿಲ್ಲಲಾರದೆ, ಗೋಡೆಯ ಮೇಲೆ ಆ-ಗ್ವಾನ್ ತನ್ನ ಕೈಯಾರೆ ಬರೆದು ಅಂಟಿಸಿದ್ದ ತಿಂಡಿಗಳ ಹೆಸರುಗಳನ್ನು ತಿದ್ದುತ್ತಿದ್ದರು. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ, ಬರೀ ಚಟ. ಆದರೆ ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಆ-ಗ್ವಾನ್ ಹಲ್ಲು ಕಿರಿದು, "ಥ್ಯಾಂಕ್ಸ್ ಮೇಷ್ಟ್ರೇ," ಎಂದು ಎರಡು ಉಂಡೆ ಹೆಚ್ಚಿಗೆ ಹಾಕಿಕೊಡುತ್ತಿದ್ದ. ರಾತ್ರಿ ಮಲಗಿದಾಗ ಮಾತ್ರ ಹೊಟ್ಟೆ ಉರಿಯುತ್ತಿತ್ತು. ತನಗೊಂದು ಮಗು ಹುಟ್ಟಿ, ಅದು ಬೆಳೆದು, ಒಂದು ದಿನ ಮೇಷ್ಟ್ರ ಕೈಯಿಂದ ಆ ಪೆನ್ನು ಕಿತ್ತುಕೊಂಡು ಅವರ ತಪ್ಪನ್ನೇ ತಿದ್ದಬೇಕು. ದೇವರಲ್ಲಿ ಅವನು ಬೇಡಿದ್ದು ಇಷ್ಟೇ.

ಈಗ ನೋಡಿದರೆ ಈ ಸೆಲರಿ. ನರ್ಸುಗಳ ಕೋಣೆಯ ಹೊರಗಿನ ಹಲಗೆ ನೋಡಿದ. ಮೇಷ್ಟ್ರ ಹೆಂಡತಿಗೆ ಬೆಳಗಿನ ಹಾವು ಗಳಿಗೆ ಸಿಕ್ಕಿತ್ತು. ಆ-ಗ್ವಾನನ ತಲೆ ಅವನ ಅಂಗಡಿಯ ಲೆಕ್ಕದಲ್ಲೇ ಓಡಿತು. ಅವನೇನು ಮಾಡುತ್ತಿದ್ದ? ಅಂದಂದು ಉರುಳಿಸಿದ ಉಂಡೆಯನ್ನು ಗುರುತು ಪರಿಚಯದವರಿಗೆ ಹಾಕುತ್ತಿದ್ದ, ಹಿಂದಿನ ದಿನದ್ದನ್ನು ಪರಸ್ಥಳದವರಿಗೆ. ಇಬ್ಬರಿಗೂ ಹೇಳುವುದು ಮಾತ್ರ ಈಗಷ್ಟೇ ಮಾಡಿದ್ದು ಎಂದು. ಜೋಯಿಸರೂ ಅಂಗಡಿ ಇಟ್ಟವರೇ ತಾನೆ? ತಾಜಾ ನಕ್ಷತ್ರವನ್ನು ಮೇಷ್ಟ್ರಿಗೆ ಬಡಿಸಿ, ನಿನ್ನೆಯದನ್ನು ಬಿಸಿ ಮಾಡಿ ತನಗೆ ಕೊಟ್ಟಿದ್ದಾರೆ.

ಜೋಯಿಸರಿಗೆ ಫೋನು ಮಾಡಿದ. ಮೇಷ್ಟ್ರಿಗೆ ಕೊಟ್ಟಿದ್ದು ಎಂಥ ಗಳಿಗೆ ಎಂದು ಸುತ್ತಿ ಬಳಸಿ ಕೇಳಿದ. ಒಬ್ಬರ ಜಾತಕ ಇನ್ನೊಬ್ಬರಿಗೆ ಹೇಳುವ ಪದ್ಧತಿ ತಮ್ಮಲ್ಲಿಲ್ಲ ಎಂದರು ಅವರು.

"ಯಾರು ಏನು ಕೇಳಿದ್ರೋ ಅದನ್ನೇ ಕೊಟ್ಟಿದ್ದೀನಪ್ಪ. ಮಧ್ಯಾಹ್ನ ಬರ್ತೀನಿ, ಮಗು ನೋಡೋಕೆ."

ಯಾರು ಏನು ಕೇಳಿದರೋ. ಮೇಷ್ಟ್ರು ಇನ್ನೇನು ಕೇಳಿಯಾರು, ಮೀನು ಕೇಳುತ್ತಾರೆಯೇ? ಆ-ಗ್ವಾನನಿಗೆ ಉಳಿದಿದ್ದ ಒಂದಿಷ್ಟು ಅನುಮಾನವೂ ಅಲ್ಲಿಗೆ ಹೋಯಿತು. ಬೆಳಗಿನ ಗಳಿಗೆ ತನಗೆ ಬೇಕೇ ಬೇಕು. ಇದ್ದದ್ದು ಒಬ್ಬ ಡಾಕ್ಟರು, ಒಂದು ಆಪರೇಷನ್ ಕೋಣೆ.

ಮೊದಲು ಹೋಗಿ ಹಿರಿಯ ನರ್ಸ್ ಪೆಂಗ್ ಸಿಸ್ಟರ್ ಮುಂದೆ ನಿಂತು ಹೊತ್ತು ಬದಲಾಯಿಸಿಕೊಡಿ ಎಂದು ಗೋಗರೆದ. ಆಕೆ ಇಂಥ ಗಂಡಂದಿರನ್ನು ಬೇಕಾದಷ್ಟು ನೋಡಿದ್ದಳು. ಹೊಟ್ಟೆ ನೋವು ಶುರುವಾಗಿದ್ದರೆ ಮಾತ್ರ ಮೊದಲು ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ದಾರಿ ಬಿಡಿ ಎಂದಳು. ಆ-ಗ್ವಾನ್ ಹೆಂಡತಿಯ ಹಾಸಿಗೆಗೆ ಓಡಿ, ಸ್ವಲ್ಪ ನರಳು ಎಂದು ಅಂಗಲಾಚಿದ. ರಾತ್ರಿಯಿಂದ ಉಪವಾಸವಿದ್ದ ಹುಯಿಚಿಂಗ್ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೋವು ಬಂದಿರೋದು ನಿಮ್ಗೆ ಕಣ್ರೀ. ನೀವೇ ಹೋಗಿ ಟೇಬಲ್ ಮೇಲೆ ಮಲಗಿ," ಎಂದಳು. "ನಂಗೆ ಹಸಿವಾಗ್ತಿದೆ. ಯಾವ ನಕ್ಷತ್ರ ಬಂದ್ರೂ ಸರಿ, ಬೇಗ ಮುಗಿಸಿ ಊಟ ಹಾಕಿಸಿ."

ಹಸಿವು ಎಂಬ ಮಾತು ಕಿವಿಗೆ ಬಿದ್ದಾಗ ಆ-ಗ್ವಾನನ ತಲೆಯೊಳಗೆ ದೀಪ ಹತ್ತಿತು. ಅವನ ತಾಯಿ ಮಗನಿಗೆಂದು ಫ್ಲಾಸ್ಕಿನಲ್ಲಿ ಅಂಗಡಿಯ ಸಾರನ್ನೇ ತಂದಿದ್ದಳು. ಬಸಿರಾದಾಗಿನಿಂದ ಯೂಮಿನ್ ದಿನಕ್ಕೆರಡು ಹೊತ್ತು ರಸ್ತೆ ದಾಟಿ ಬಂದು ಅದೇ ಸಾರನ್ನು ಕುಡಿಯುತ್ತಿದ್ದವಳು. ಈ ದಿನ ಅವಳೂ ಉಪವಾಸ. ಹೊಟ್ಟೆಗೆ ಏನಾದರೂ ಬಿದ್ದರೆ ಮಧ್ಯಾಹ್ನದವರೆಗೆ ಅವಳನ್ನು ಒಳಗೆ ಕರೆದುಕೊಳ್ಳುವಂತಿಲ್ಲ.

ಕೆಡುಕು ಮಾಡುವವರಿಗೆ ಬೇಕಾದ ಧೈರ್ಯ ಆ-ಗ್ವಾನನಿಗೆ ಇರಲಿಲ್ಲ. ಅದಕ್ಕೆ ಅವನು ಅರ್ಧ ಕೆಡುಕು ಮಾಡಿದ. ಯೂಮಿನ್ ಕೋಣೆಯ ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತು, ಫ್ಲಾಸ್ಕಿನ ಮುಚ್ಚಳ ತೆಗೆದು, ಬಟ್ಟಲಿಗೆ ಸಾರು ಬಗ್ಗಿಸಿಕೊಂಡು, ಬಿಸಿ ಆರಿಸುವವನಂತೆ ಪತ್ರಿಕೆಯಿಂದ ಬೀಸತೊಡಗಿದ. ಗಾಳಿಯೆಲ್ಲ ಬಾಗಿಲ ಸಂದಿಗೇ ಹೋಗುವಂತೆ ನೋಡಿಕೊಂಡ. ಮೇಷ್ಟ್ರು ಆಗ ಸ್ಕೂಟರಿಗೆ ಜಾಗ ಹುಡುಕಲು ಹೋಗಿದ್ದರು. ಅವರ ತಾಯಿ ಕುರ್ಚಿಯಲ್ಲಿ ಸೆಲರಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು.

ಬಾಗಿಲು ತೆರೆಯಿತು. ಯೂಮಿನ್ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ಕಣ್ಣು ಬಟ್ಟಲ ಮೇಲೆ.

"ಗ್ವಾನಣ್ಣ, ಒಂದೇ ಒಂದು ಉಂಡೆ."

"ಅಯ್ಯೋ ಬೇಡಮ್ಮ, ನೀನು ಮುಟ್ಟಲೂಬಾರದು," ಎಂದ ಆ-ಗ್ವಾನ್. ಹಾಗೆನ್ನುತ್ತಲೇ ಬಟ್ಟಲನ್ನು ಅವಳ ಕೈಗೆ ಎಟುಕುವಷ್ಟು ದೂರದಲ್ಲಿ ಹಿಡಿದಿದ್ದ.

ಒಂದು ಉಂಡೆ ಎಂದವಳು ಬಟ್ಟಲನ್ನೇ ಎತ್ತಿ ಮುಗಿಸಿದಳು. ಅವಳಿಗೆ ತೊಂದರೆಯಾಗಬಾರದು ಎಂಬ ಕಾಳಜಿಯೂ ಆ-ಗ್ವಾನನಿಗೆ ಇತ್ತೆನ್ನಬೇಕು. ಕಡೆಯ ಗುಟುಕು ಇಳಿಯುವ ಮೊದಲೇ ಅವನು ಪೆಂಗ್ ಸಿಸ್ಟರನ್ನು ಕರೆತಂದಿದ್ದ. ಯೂಮಿನ್ ಏನೂ ತಿಂದಿಲ್ಲವೆಂದು ತಲೆಯಾಡಿಸಿದಳು. ಆದರೆ ಒಂದು ಕೆನ್ನೆ ಉಬ್ಬಿತ್ತು, ತುಟಿಯ ಮೇಲೆ ಸೆಲರಿಯ ಹಸಿರು ಚೂರಿತ್ತು.

ಆಮೇಲೆ ಆದ ಗಲಾಟೆ ಸಣ್ಣದಲ್ಲ. ಸಿಸ್ಟರ್ ಆ-ಗ್ವಾನ್, ಯೂಮಿನ್, ಎಚ್ಚರಗೊಂಡ ಅತ್ತೆ ಮೂವರಿಗೂ ಸೇರಿಸಿ ಬೈದು, ಹಲಗೆಯ ಮೇಲಿನ ಹೆಸರುಗಳನ್ನು ಅಳಿಸಿ ಮೇಲೆ ಕೆಳಗೆ ಮಾಡಿದಳು. ಹುಯಿಚಿಂಗ್ ಈಗ, ಯೂಮಿನ್ ಮಧ್ಯಾಹ್ನದ ಮೇಲೆ. ಹೆಲ್ಮೆಟ್ ಹಿಡಿದುಕೊಂಡು ಬಂದ ಮೇಷ್ಟ್ರು ವಿಷಯ ಕೇಳಿ ಗೋಡೆಗೆ ಒರಗಿದರು. ಯಾವತ್ತೂ ದನಿ ಏರಿಸದ ಮನುಷ್ಯ ಡಾಕ್ಟರ ಹಿಂದೆ ಓಡಿ, ಹನ್ನೊಂದು ಗಂಟೆಯ ಒಳಗೆ ಹೇಗಾದರೂ ಮುಗಿಸಿಕೊಡಿ ಎಂದು ಬೇಡಿಕೊಂಡರು. ಕೋತಿ ಗಳಿಗೆ ಮಾತ್ರ ಬೇಡ ಎಂದರು. ಡಾಕ್ಟರು ಒಪ್ಪಲಿಲ್ಲ. ಆ-ಗ್ವಾನ್ ಬಾಗಿಲ ಮರೆಯಲ್ಲಿ ನಿಂತು ಒಂದೊಂದು ಮಾತನ್ನೂ ಸಾರಿನಂತೆ ಚಪ್ಪರಿಸಿದ. ಇಷ್ಟು ಒದ್ದಾಡುತ್ತಾರೆಂದರೆ ಎಂಥ ನಕ್ಷತ್ರವಿರಬೇಕು.

ಹಾವು ಗಳಿಗೆ ನಡುವಿನಲ್ಲಿರುವಾಗ ಅವನಿಗೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೆ ಅದು ಕೂಗಿದ ಕೂಗಿಗೆ ಕೆಳಗಿನ ಔಷಧಿ ಅಂಗಡಿಯವನು ತಲೆ ಹೊರಗೆ ಹಾಕಿ ನೋಡಿದನಂತೆ. ಆ-ಗ್ವಾನ್ ಮಗುವನ್ನು ಎತ್ತಿಕೊಂಡು ಅದರ ಹಣೆಯನ್ನೇ ನೋಡಿದ. ಆ ಹಣೆಯ ಹಿಂದೆ ಎಷ್ಟು ಪುಸ್ತಕ ಹಿಡಿಯಬಹುದೆಂದು ಯೋಚಿಸಿ ಅವನ ಕಣ್ಣು ತುಂಬಿತು. ಮುಂದಿನ ಬೆಂಚಿನಲ್ಲಿ ಮೇಷ್ಟ್ರು ತಲೆಗೆ ಕೈ ಕೊಟ್ಟು ಕುಳಿತಿದ್ದರು. ಅವರನ್ನು ನೋಡಿದಾಗ ಒಂದು ಗಳಿಗೆ ಕರುಳು ಚುರುಕ್ಕೆಂದಿತು. ಎರಡನೆಯ ಗಳಿಗೆಯಲ್ಲಿ ಕೆಂಪು ಪೆನ್ನು ನೆನಪಾಗಿ ಸರಿಹೋಯಿತು.

ಊಟದ ಹೊತ್ತಿಗೆ ವೆಂಗ್ ಜೋಯಿಸರು ಬಂದರು. ಮಗು ಆಗಲೇ ಹುಟ್ಟಿದೆ ಎಂದು ಕೇಳಿ ಕನ್ನಡಕ ಮೇಲೇರಿಸಿದರು. ಬೆರಳು ಮಡಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಇದು ನಾನು ಕೊಟ್ಟ ಗಳಿಗೆ ಅಲ್ವಲ್ಲಯ್ಯ."

ದೈವ ತಾನಾಗಿ ಕೊಟ್ಟಿತು ಎಂದ ಆ-ಗ್ವಾನ್, ಮುಖ ಇಷ್ಟಗಲ ಮಾಡಿಕೊಂಡು. ಜೋಯಿಸರು ಮಗುವಿನ ಮುಷ್ಟಿ ಬಿಡಿಸಿ ನೋಡಿ ಸಂತೋಷವಾಗಿಯೇ ಹೇಳಿದರು.

"ಗಟ್ಟಿ ಜಾತಕ. ಅನ್ನಕ್ಕೆ, ಸಂಪಾದನೆಗೆ ಕಮ್ಮಿ ಇಲ್ಲ. ಒಂದು ಅಂಗಡಿ ನಾಲ್ಕು ಮಾಡ್ತಾಳೆ. ವಿದ್ಯೆ ಮಾತ್ರ ಕೇಳ್ಬೇಡ. ಪುಸ್ತಕ ಕೊಟ್ರೆ ಅದರಲ್ಲಿ ಪೊಟ್ಟಣ ಕಟ್ತಾಳೆ."

"ಮತ್ತೆ ಮೇಷ್ಟ್ರು ಈ ಗಳಿಗೇನ ಯಾಕೆ ತಗೊಂಡಿದ್ರು?" ಎಂದ ಆ-ಗ್ವಾನ್.

"ಅವರು ಕೇಳಿದ್ದೇ ಇದನ್ನ. ಓದಿನ ವಾಸನೆ ಒಂದು ಚೂರೂ ಇರಬಾರದು ಅಂತ ಮನೆಗೆ ಬಂದು ಬಂದು ಕಾಡಿದ್ರು. ನೀನು ಓದು ಕೇಳ್ದೆ, ನಿಂಗೆ ಕೋತಿ ಗಳಿಗೆ ಕೊಟ್ಟೆ. ಆ ನಕ್ಷತ್ರ ಅಲ್ಲಿ ದೀಪ ಇಟ್ಟ ಹಾಗೆ ಕೂತಿತ್ತು. ಈಗ ಅದು ಅವರ ಮನೆಗೆ ಹೋಗುತ್ತೆ."

ಜೋಯಿಸರು ಹೋದ ಮೇಲೆ ಆ-ಗ್ವಾನ್ ಮೇಷ್ಟ್ರ ಪಕ್ಕದಲ್ಲಿ ಹೋಗಿ ಕುಳಿತ. ಏನು ಕೇಳಬೇಕೆಂದು ತೋಚದೆ ಸೆಲರಿ ಯಾಕೆ ತಂದಿರಿ ಎಂದು ಕೇಳಿದ. ಮಗು ಹುಟ್ಟಿದ ಗಳಿಗೆಯಲ್ಲೇ ಸಾರಿನಂಗಡಿಯ ವಾಸನೆ ಮೂಗಿಗೆ ಬೀಳಲೆಂದು ತೊಟ್ಟಿಲಿಗೆ ಕಟ್ಟಲು ಅಮ್ಮ ತಂದಿದ್ದರು ಎಂದರು ಮೇಷ್ಟ್ರು. ಆಮೇಲೆ ಅವರ ಬಾಯಿಯ ಕಟ್ಟೆ ಒಡೆಯಿತು. ಅಜ್ಜ ಮೇಷ್ಟ್ರು, ಅಪ್ಪ ಮೇಷ್ಟ್ರು, ತಾನೂ ಮೇಷ್ಟ್ರು. ಮೂವರಿಗೂ ಸಿಕ್ಕಿದ್ದು ಬೆನ್ನು ನೋವು, ದಪ್ಪ ಕನ್ನಡಕ. ನಾಲ್ಕನೆಯದಕ್ಕಾದರೂ ಬಿಡುಗಡೆ ಸಿಗಲಿ ಎಂದು ಅವರು ಹಂಬಲಿಸಿದ್ದರು.

"ಸಂಜೆ ಕಿಟಕಿ ಹತ್ರ ಕೂತು ಹುಡುಗರ ಪರೀಕ್ಷೆ ಪೇಪರ್ ತಿದ್ತಾ ಇರ್ತೀನಿ. ಎದುರಿಗೆ ನಿಮ್ಮ ಅಂಗಡಿ ಮುಂದೆ ಸಾಲು. ಎಲ್ರೂ ನಗ್ತಾ ನಿಂತಿರ್ತಾರೆ. ನನ್ನ ನೋಡಿ ಒಂದು ಮಗುನೂ ನಗಲ್ಲ ಗ್ವಾನ್," ಎಂದರು ಮೇಷ್ಟ್ರು. "ಹೊಟ್ಟೆಕಿಚ್ಚಾಗ್ತಿತ್ತು. ಅದಕ್ಕೇ ಬಂದು ಬಂದು ನಿಮ್ಮ ಗೋಡೆ ತಿದ್ತಿದ್ದೆ."



ಕೋತಿ ಗಳಿಗೆಯಲ್ಲಿ ಮೇಷ್ಟ್ರಿಗೆ ಗಂಡು ಮಗು ಹುಟ್ಟಿತು. ಅದು ಹೆಚ್ಚು ಅಳಲೂ ಇಲ್ಲ. ಹುಬ್ಬು ಗಂಟಿಕ್ಕಿ, ಇದರಲ್ಲೇನೋ ತಪ್ಪಿದೆ ಎನ್ನುವ ಹಾಗೆ ಸುತ್ತಲೂ ನೋಡಿತು. ಆ-ಗ್ವಾನ್ ಗಾಜಿನ ಈಚೆಯಿಂದ ಆ ಮಗುವಿನ ಮೇಲಿಂದ ಕಣ್ಣು ಕೀಳಲಾರದೆ ನಿಂತ. ಹತ್ತಿರದಲ್ಲೇ ಅವನ ಮಗಳು ಪೇಟೆಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಗಿರಾಕಿ ಕರೆಯೋಕೆ ಒಳ್ಳೇ ಗಂಟಲು ಎಂದು ಅವನ ತಾಯಿ ಹಿಗ್ಗಿಹೋಗಿದ್ದಳು. ಮೇಷ್ಟ್ರು ಆ ಮಗಳನ್ನೇ ನೋಡುತ್ತ ನಿಟ್ಟುಸಿರು ಬಿಟ್ಟರು. ಹೋಗುವ ಮುಂಚೆ ಸೆಲರಿ ಕಟ್ಟನ್ನು ಆ-ಗ್ವಾನನ ಕೈಗಿತ್ತು, ನಮ್ಮ ಮನೆಯಲ್ಲಿ ಇನ್ನು ಇದಕ್ಕೆ ಕೆಲಸವಿಲ್ಲ ಎಂದರು.

ದೀಪ ಹಚ್ಚುವ ಹೊತ್ತಿಗೆ ಆ-ಗ್ವಾನ್ ಆ ಕಟ್ಟನ್ನು ಹಿಡಿದುಕೊಂಡು ಗುಡಿಗೆ ಹೋದ. ಎಡಗಡೆಯ ಅಂಕಣದಲ್ಲಿ ವೆನ್‌ಚಾಂಗ್, ಬಲಗಡೆಯದರಲ್ಲಿ ಸಂಪತ್ತಿನ ದೇವರು. ಸೊಪ್ಪನ್ನು ಮುಂದಿಟ್ಟು, ತನ್ನ ಮಗಳಿಗೆ ಇನ್ನಾದರೂ ನಾಲ್ಕಕ್ಷರ ತಲೆಗೆ ಹತ್ತೀತೇ ಎಂದು ಕೇಳಿ, ಪ್ರಸಾದ ಕೇಳುವ ಎರಡು ಅರ್ಧಚಂದ್ರದ ಮರದ ತುಂಡುಗಳನ್ನು ನೆಲಕ್ಕೆ ಹಾಕಿದ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಹೂಂ ಎಂದ ಹಾಗೆ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆಂದು ಲೆಕ್ಕ. ಎರಡೂ ಅಂಗಾತ ಬಿದ್ದವು. ಮತ್ತೆ ಹಾಕಿದ, ಮತ್ತೆ ಹಾಗೆಯೇ. ಮೂರನೆಯ ಸಲ ಹಾಕುವಾಗ ಬಲಗಡೆಯ ಅಂಕಣದಲ್ಲೂ ಟಕ್ ಟಕ್ ಎಂದು ಮರದ ಸದ್ದು ಕೇಳಿಸಿತು.

ಹೊರಗೆ ಬಂದರೆ ಬಾಗಿಲಲ್ಲಿ ಶಾವ್ ಮೇಷ್ಟ್ರು. ಅವರ ಕೈಯಲ್ಲಿ ಆ-ಗ್ವಾನನ ಅಂಗಡಿಯದೇ ಮೀನುಂಡೆಯ ಪೊಟ್ಟಣ. ಇಬ್ಬರೂ ಸ್ವಲ್ಪ ಹೊತ್ತು ಚಪ್ಪಲಿ ಹುಡುಕುವವರಂತೆ ನೆಲ ನೋಡಿದರು.

"ಏನಂದ್ರು ನಿಮ್ಮ ದೇವರು?" ಎಂದರು ಮೇಷ್ಟ್ರು ಕೊನೆಗೆ.

"ನಗ್ತಿದ್ದಾರೆ," ಎಂದ ಆ-ಗ್ವಾನ್. "ನಿಮ್ಮೋರು?"

ಮೇಷ್ಟ್ರು ಪೊಟ್ಟಣವನ್ನು ಕಂಕುಳಿಗೆ ಸೇರಿಸಿಕೊಂಡರು. "ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ."