ಹೊಳೆಯಾಚೆಯ ನಾಲ್ವರು

ನೀರು ಸರಬರಾಜು ಇಲಾಖೆಯ ನಾಲ್ಕೂ ಕಚೇರಿಗಳಲ್ಲಿ, ಹಿಂದುಳಿದ ಹೊಳೆಯಾಚೆ ಜನಾಂಗದ ಒಬ್ಬ ಎಂಜಿನಿಯರ್ ಇರತಕ್ಕದ್ದೆಂಬ ನಿಯಮ ಅಕ್ಷರಶಃ ಪಾಲನೆಯಾಗಿತ್ತು. ನಾಲ್ಕೂ ಕಡೆ ಇದ್ದವಳು ಒಬ್ಬಳೇ ಎಂಬುದು ಆಡಳಿತದ ಒಳವಿವರವಾದ್ದರಿಂದ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ.

ಅವಳಿಗೆ ಪಂಪು ರಿಪೇರಿಯೆಂದರೆ ಪ್ರಾಣ. ಆದರೆ ಸೇರಿದಂದಿನಿಂದ ಒಂದು ನಟ್ಟನ್ನೂ ಮುಟ್ಟಗೊಟ್ಟಿರಲಿಲ್ಲ. ಕೈಗೆ ಗ್ರೀಸು ಮೆತ್ತಿದರೆ ತಪಾಸಣೆಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಮುಖ್ಯಾಧಿಕಾರಿಗಳ ಕಾಳಜಿ. ಅದನ್ನೂ ಅವಳು ನುಂಗಿಕೊಂಡಿದ್ದಳು. ಈ ಸಲ ಅವಳ ತಮ್ಮನೂ ಓದು ಮುಗಿಸಿ ಅರ್ಜಿ ಹಾಕಿದ.

"ನಿಮ್ಮವರು ಆಗಲೇ ನಾಲ್ಕು ಜನ ಇದ್ದಾರಲ್ಲಪ್ಪಾ! ಬೇರೆಯವರೂ ಬದುಕಬೇಡ್ವಾ?" ಎಂದು ಮುಖ್ಯಾಧಿಕಾರಿಗಳು ಪ್ರೀತಿಯಿಂದಲೇ ಅರ್ಜಿ ಹಿಂದಿರುಗಿಸಿದರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಪಾಸಣಾಧಿಕಾರಿ ಬಂದಾಗ ಇದ್ದದ್ದು ಇದ್ದಹಾಗೆ ಹೇಳಿಬಿಡುವುದೆಂದು ತೀರ್ಮಾನಿಸಿದಳು.

ತಪಾಸಣೆಯ ದಿನ, ಅಧಿಕಾರಿ ಒಂದು ಕಚೇರಿಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಅವಳನ್ನು ಇನ್ನೊಂದಕ್ಕೆ ತಲುಪಿಸಲು ಇಲಾಖೆಯ ಕಾರು ಸಿದ್ಧವಿತ್ತು. ವೇಷ ಬದಲಿಸಲು ಕನ್ನಡಕವೂ ಇತ್ತು.

"ಅದೆಲ್ಲ ಬೇಡ ಮೇಡಂ," ಎಂದ ಡ್ರೈವರ್. "ಅವರು ನಿಮ್ಮ ಮುಖ ಎಲ್ಲಿ ನೋಡ್ತಾರೆ?"

ಮೊದಲ ಕಚೇರಿಯಲ್ಲೇ ಅವಳು ಬಾಯಿಬಿಟ್ಟಳು. "ಸಾರ್, ನಾಲ್ಕೂ ಕಚೇರೀಲಿ ಇರೋದು ನಾನೊಬ್ಬಳೇ." ಅಧಿಕಾರಿ ತಲೆದೂಗಿ ಹೊರಟರು. ಎರಡನೆಯದರಲ್ಲೂ ಹೇಳಿದಳು. ಮೂರನೆಯದರಲ್ಲಿ ಮೇಜು ಕುಟ್ಟಿ ಹೇಳಿದಳು. ನಾಲ್ಕನೆಯದರಲ್ಲಿ ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು.

ಅಧಿಕಾರಿಯ ಕಣ್ಣೂ ಒದ್ದೆಯಾಯಿತು. "ನಾಲ್ಕೂ ಕಡೆ ನಿಮ್ಮವರು ಇದೇ ಮಾತು ಹೇಳಿದ್ರಮ್ಮಾ. ಒಬ್ಬೊಬ್ಬರೇ ಇದ್ದರೆ ಹಾಗನ್ನಿಸೋದು ಸಹಜ. ನಾಲ್ಕೂ ಜನ ಸೇರಿ ಒಂದು ಸಂಘ ಕಟ್ಟಿಕೊಳ್ಳಿ."

ವಾರದೊಳಗೆ ಪ್ರಕಟಣೆ ಹೊರಬಿತ್ತು: "ಮೀಸಲಾತಿಯು ಸಂಪೂರ್ಣ ಫಲ ನೀಡಿರುವುದು ಕಣ್ಣಾರೆ ದೃಢಪಟ್ಟಿದೆ. ಸದರಿ ಜನಾಂಗದಿಂದ ಮುಂದಿನ ನೇಮಕಾತಿಗೆ ಹೊಳೆಯಾಚೆ ನೌಕರರ ಸಂಘದ ಒಪ್ಪಿಗೆ ಕಡ್ಡಾಯ."

ಸಂಘಕ್ಕೆ ಕೊಠಡಿ, ನಾಲ್ಕು ಕುರ್ಚಿ, ಬೀಗ ಎಲ್ಲ ಮಂಜೂರಾದವು. ಅವಳು ಅವಿರೋಧವಾಗಿ ಅಧ್ಯಕ್ಷೆಯಾದಳು. ಮುಖ್ಯಾಧಿಕಾರಿಗಳೇ ಬಂದು ಹಾರ ಹಾಕಿ, ಮಿಕ್ಕ ಮೂರು ಕುರ್ಚಿಗಳಿಗೂ ಕೈಮುಗಿದು ಹೋದರು.

ಮೊದಲ ಮನವಿ ತಮ್ಮನದೇ.

"ಅಕ್ಕಾ, ಒಪ್ಪಿಗೆ ಸಿಗುತ್ತಾ?"

ಅವಳು ಖಾಲಿ ಕುರ್ಚಿಗಳ ಕಡೆ ನೋಡಿದಳು. "ನಂದೇನೂ ಅಡ್ಡಿಯಿಲ್ಲ ಕಣೋ," ಎಂದಳು. "ಆ ಮೂವರು ಏನಂತಾರೋ."